ಭುಜ ಮುಚ್ಚಿದ ಬೋರ್ಡು

ರಾಯದುರ್ಗ
12-2-2003, ಬುಧವಾರ

ಪ್ರೀತಿಯ ಸ್ವಪ್ನಾಳ ಅಪ್ಪನವರಿಗೆ,

ಶರಣು. ನಿಮ್ಮ ಕೆಮ್ಮು ಹೇಗಿದೆ? ಹಿಮ ಬಿದ್ದಿದೆ ಎಂದು ಬರೆದಿದ್ದಿರಿ. ಕೊರಳಿಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದೀರಾ? ನಾವು ಕ್ಷೇಮ. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ಎಂದಿನಂತೆ ಜೀನ್ಸ್ ಕಾರ್ಖಾನೆಗೆ ಹೋಗಿ ಹೊಲಿದ ಪ್ಯಾಂಟುಗಳನ್ನು ಚೆಕ್ ಮಾಡಿ ಬರುತ್ತೇನೆ. ಭಾನುವಾರ ನೀವು ಬೂತಿಗೆ ಫೋನು ಮಾಡಿದಾಗ ಸುತ್ತ ಹತ್ತು ಜನ ನಿಂತಿರುತ್ತಾರೆ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಅಕ್ಕನ ಮಗ ತಿಪ್ಪೇಶ ಸೋಮವಾರ ನಿಮ್ಮಲ್ಲಿಗೆ ಹೊರಡುತ್ತಾನಲ್ಲ, ಅವನ ಕೈಯಲ್ಲೇ ಕಳಿಸುತ್ತೇನೆ.

ದೀಪಾವಳಿಗೆ ನೀವು ಇಟಲಿಯಿಂದ ಕಳಿಸಿದ ಫೋಟೋವನ್ನು ನಾನು ಊರಿಗೆಲ್ಲ ತೋರಿಸಿದ್ದೆ. ಗುಡ್ಡದ ನೆತ್ತಿಯ ಪುಟ್ಟ ಊರು, ಮೆಟ್ಟಿಲುಗಳೇ ಬೀದಿ, ಚರ್ಚಿನ ಗಂಟೆಗೋಪುರ, ಅದರ ಪಕ್ಕಕ್ಕೆ ಐನೂರು ವರ್ಷದ ಕಲ್ಲಿನ ಅರಮನೆ. ಅರಮನೆಯ ಕೆಳಮಹಡಿಯಲ್ಲಿ ನಿಮ್ಮ ಹೊಲಿಗೆ ಕಾರ್ಖಾನೆ, ಮೇಲೆ ನೀವು ಎಂಟು ಜನ ಮಲಗುವ ಕೋಣೆ. ತಿಪ್ಪೇಶ, "ಅತ್ತೀ, ಮಾವ ಕ್ವಾಟ್ಯಾಗ ಸಂಸಾರ ಹೂಡ್ಯಾನ ಬಿಡ್ರಿ! ನಮ್ಮ ಗುಡ್ಡದ ಕ್ವಾಟ್ಯಾಗ ಕೋತಿ ಬಿಟ್ರ ಯಾರದಾರ?" ಎಂದು ನಕ್ಕಿದ್ದ. ಅವನಿಗೆ ಅಲ್ಲಿಗೆ ಬರುವ ಹಟ ಹುಟ್ಟಿದ್ದೇ ಆ ಫೋಟೋದಿಂದ.

ಸಂಕ್ರಾಂತಿಯ ಫೋಟೋದಲ್ಲಿ ನೀವು ಅದೇ ಅರಮನೆಯ ಬಾಗಿಲ ಮುಂದೆ ನಿಂತಿದ್ದೀರಿ. ಹಿಂದೊಂದು ಕೆಂಪು ಬೋರ್ಡು, ಅರ್ಧ ನಿಮ್ಮ ಭುಜದ ಹಿಂದೆ. ನಿಮ್ಮ ಅಕ್ಕ ಗುರುಶಾಂತಕ್ಕ ಕೇಳಿದರು: "ಇಂಗ್ಲಿಷ್ ಸಾಲ್ಯಾಗ ಓದಿದಾಕಿ ನೀನು, ಏನ್ ಬರದೈತಿ ಹೇಳವ್ವಾ." ಅದು ಇಂಗ್ಲಿಷ್ ಅಲ್ಲ, ನನಗೆ ಬಾರದು ಎನ್ನಲು ನಾಲಿಗೆ ಹೊರಳಲಿಲ್ಲ. "ಅರಮನೆಯ ಹೆಸರು ಅಕ್ಕಾ" ಎಂದುಬಿಟ್ಟೆ. ಯಾಕೆ ಹಾಗೆಂದೆ? ಜಂಬವೇ? ಇರಬೇಕು. ಮಗನನ್ನು ಅಷ್ಟು ದೂರ ಕಳಿಸಲೊಲ್ಲೆ ಎನ್ನುತ್ತಿದ್ದವರು, ಹೆಸರುಳ್ಳ ಮನೆಯಲ್ಲಿ ತಮ್ಮನ ಜೊತೆ ಇರುತ್ತಾನೆಂದು ಅವತ್ತೇ ಒಪ್ಪಿಕೊಂಡರು.

ಮೊನ್ನೆ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟೆ, ಪ್ಯಾಂಟಿನ ಎರಡು ಕಾಲು ಹೋಲಿಸುವ ಹಾಗೆ. ದೀಪಾವಳಿಯಲ್ಲಿ ಕಿಟಕಿಯ ಕೆಳಗೇ ನಿಂತಿದ್ದ ಅರಮನೆಯ ಗೋಡೆಯ ಬಿರುಕು ಸಂಕ್ರಾಂತಿಗೆ ಕಿಟಕಿ ದಾಟಿ ಸೂರಿನವರೆಗೆ ಹೋಗಿದೆ. ಬೋರ್ಡು ಮೊದಲ ಫೋಟೋದಲ್ಲಿ ಇಲ್ಲವೇ ಇಲ್ಲ. ನಾನು ಚೆಕಿಂಗ್‌ಗೆ ಸೇರಿದ ದಿನ, ಆಗ ಅಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ನೀವೇ ಹೇಳಿಕೊಟ್ಟಿದ್ದಿರಿ: "ಪ್ಯಾಂಟು ತೋರಿಸುವಾಗ ಹೊಲಿದಾವ ಹೆಬ್ಬಟ್ಟು ಎಲ್ಲಿ ಇಡ್ತಾನೋ, ಮೊದ್ಲು ಅಲ್ಲಿ ನೋಡು." ನಿಮ್ಮ ಭುಜವನ್ನೇ ಬಹಳ ಹೊತ್ತು ನೋಡಿದೆ.

ನಿನ್ನೆ ಬಳ್ಳಾರಿಗೆ ಹೋಗಿ, ನಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸಿಸ್ಟರ್‌ಗೆ ತೋರಿಸಿದೆ. ಅವರು ರೋಮಿನಲ್ಲಿ ಓದಿ ಬಂದವರು. ಕಾಣುವಷ್ಟು ಅಕ್ಷರಗಳನ್ನು ಓದಿ ನನ್ನ ಕೈ ಹಿಡಿದುಕೊಂಡರು. ಕಟ್ಟಡ ಕುಸಿಯುವ ಅಪಾಯವಿದೆ, ಒಳಗೆ ಹೋಗಬಾರದು ಎಂದಿದೆಯಂತೆ.

ನಿಮಗೆ ಗೊತ್ತಿತ್ತಲ್ಲವೇ? ನಾನು ಹೆದರಬಾರದೆಂದು ಮುಚ್ಚಿದಿರಾ, ಅಥವಾ ಅದು ಬಿಟ್ಟರೆ ಮಲಗಲು ಬೇರೆ ಜಾಗವಿಲ್ಲವೆಂದೇ? ಬಯ್ಯಲು ನನಗೆ ಯಾವ ಬಾಯಿ. ನೀವು ಅರ್ಧ ಮುಚ್ಚಿದಿರಿ, ಉಳಿದರ್ಧವನ್ನು ಮುಚ್ಚಿದವಳು ನಾನು. ತಿಪ್ಪೇಶ ಹೊಸ ಸೂಟ್‌ಕೇಸಿನ ಮೇಲೆ ಹೆಸರು ಬರೆಸಿದ್ದಾನೆ. ನಿಜ ಹೇಳಿದರೆ ಅಕ್ಕನೆದುರು ನಾವಿಬ್ಬರೂ ಸುಳ್ಳರಾಗುತ್ತೇವೆ. ಹೇಳದಿದ್ದರೆ ಆ ಸೂರಿನಡಿ ಒಂಬತ್ತನೆಯ ಹಾಸಿಗೆ ಬೀಳುತ್ತದೆ.

ಸ್ವಪ್ನಾ ನಮಸ್ಕಾರ ಹೇಳಿದ್ದಾಳೆ. ನಿಮ್ಮ ತಲೆಯ ಮೇಲಿನ ಕಲ್ಲುಗಳನ್ನು ಶಿವ ಹಿಡಿದಿರಲಿ.

ನಿಮ್ಮ
ಅನ್ನದಾನಮ್ಮ

ತಾ.ಕ.: ಗುರುವಾರ ಬೆಳಿಗ್ಗೆ. ಈ ಕಾಗದ ಅಂಚೆಯಲ್ಲಿ ಬರುತ್ತಿದೆ; ತಿಪ್ಪೇಶ ಬರುವುದಿಲ್ಲ. ಅಕ್ಕನಿಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. "ಅಲ್ಲಿ ಮಲಗಾವ ನನ್ನ ತಮ್ಮ ಅಲ್ಲೇನು?" ಎಂದು ಅತ್ತರು. ಕಾಗದ ಸೇರಲು ಹದಿನೈದು ದಿನ ಬೇಕು, ಅಷ್ಟು ಕಾಯಲಾರೆ. ಭಾನುವಾರ ಫೋನಿನಲ್ಲಿ, ಬೂತಿನವರೆಲ್ಲ ಕೇಳಿಸಿಕೊಂಡರೂ ಸರಿ, ಹೇಳಿಬಿಡುತ್ತೇನೆ, ಅಕ್ಕನೂ ಪಕ್ಕದಲ್ಲಿರುತ್ತಾರೆ. ಈ ಸಾಲು ಓದುವಾಗ ನೀವು ಆ ಕೋಣೆಯಲ್ಲಿ ಇರಬಾರದು.