ದೀಪದ ಗೂಡು

ದುಂಡಸಿ
೧೮-೧೧-೨೦೨೪, ಕಾರ್ತಿಕ ಸೋಮವಾರ

ಪ್ರೀತಿಯ ಅಂಕಿತಾ,

ಮೊದಲು ಕುಳಿತುಕೊಂಡು ಓದು. ನಿಂತಲ್ಲೇ ಅರ್ಧ ಓದಿ ಟ್ರಂಕಿನಲ್ಲಿ ತುರುಕುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಮನೆಯ ನಂಬರು ಕಂಡರೆ ಫೋನು ಎತ್ತುವುದಿಲ್ಲ. ಪಕ್ಕದ ಮನೆಯ ತಿಪ್ಪವ್ವನ ಫೋನಿನಿಂದ ಮಾಡಿದರೆ ನನ್ನ ಕೆಮ್ಮು ಕೇಳಿಯೇ ಇಟ್ಟುಬಿಡುತ್ತೀ. ಎಷ್ಟು ಸೊಕ್ಕೇ ನಿನಗೆ! ಕಾಗದ ಕೆಮ್ಮುವುದಿಲ್ಲ, ಓದು. ನಾಲ್ಕನೇ ಇಯತ್ತೆಯವಳ ಅಕ್ಷರ. ಒತ್ತು ತಪ್ಪಿದ್ದರೆ ನೀನೇ ತಿದ್ದಿಕೋ, ಟೀಚರ್ ಆಗಲು ಕಲಬುರಗಿಗೆ ಹೋದವಳು.

ಮೈಯಲ್ಲಿ ಹುಷಾರಾಗಿದ್ದೀಯಾ? ಹಾಸ್ಟೆಲಿನ ರೊಟ್ಟಿ ಹಲ್ಲಿಗೆ ಹತ್ತುತ್ತದೆಯೋ, ಬರೀ ಚಹಾ ಕುಡಿದು ಮಲಗುತ್ತೀಯೋ? ತಲೆಗೆ ಎಣ್ಣೆ ಕಾಣಿಸು. ನನ್ನ ಮೊಣಕಾಲಿನ ಸುದ್ದಿ ಕೇಳಬೇಡ, ನಾನೂ ಹೇಳುವುದಿಲ್ಲ.

ನಿನ್ನ ಅಪ್ಪ ಮೃತ್ಯುಂಜಯ (ಆ ಹೆಸರು ಇಟ್ಟವಳು ನಾನೇ) ಈಗ ಊರ ಬಾಗಿಲ ಅಗಸಿಯ ತನಕ ನಡೆಯುವಷ್ಟರಲ್ಲಿ ಎರಡು ಸಲ ಕೂರುತ್ತಾನೆ. ಆರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಬೈಪಾಸ್ ಮಾಡಿ ಅವನ ಕಾಲಿನ ನರ ತೆಗೆದು ಎದೆಗೆ ಜೋಡಿಸಿದ್ದು ನಿನಗೆ ಗೊತ್ತೇ ಇದೆ. ಈ ಮಳೆಗಾಲದಲ್ಲಿ ತಪಾಸಣೆಗೆ ಹೋದಾಗ ಡಾಕ್ಟರಮ್ಮ, ಆ ನರದ ಗೋಡೆ ದಪ್ಪ ಆಗಿದೆ ಎಂದರಂತೆ. ಮುಂದಿನ ಮಾತು ಇವನ ಕಿವಿಗೆ ಬೀಳಲೇ ಇಲ್ಲ. ಮಣ್ಣಿನ ಮನೆಯಲ್ಲಿ ಹುಟ್ಟಿದವನಿಗೆ ಗೋಡೆ ದಪ್ಪ ಎಂದರೆ ಮನೆ ಗಟ್ಟಿ ಎಂದಷ್ಟೇ ಗೊತ್ತು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವಾಗ ಪೇಢೆ ಕಟ್ಟಿಸಿಕೊಂಡು ಬಂದ. “ಬೇ ಅವ್ವಾ, ನನ್ನ ಎದಿಯಾಗಿನ ಗೋಡಿ ನಮ್ಮ ಪಡಸಾಲಿ ಗೋಡಿಗಿಂತ ದಪ್ಪ ಆಗೇತಂತ. ಇನ್ನ ಬೀಳಂಗಿಲ್ಲ ತಗೋ!” ಎಂದು ಓಣಿಗೆಲ್ಲ ಹಂಚಿದ. ತಿಪ್ಪವ್ವ ಎರಡು ತಿಂದಳು. ನಾನೂ ತಿಂದೆ. ಆಮೇಲೆ ಎದೆ ಭಾರವಾದಾಗೆಲ್ಲ “ಗೋಡಿ ಕಟ್ಟಾಕತ್ತೇತಿ, ಸುಮ್ನಿರು” ಎಂದು ನನ್ನ ಬಾಯಿ ಮುಚ್ಚಿಸಿದ.

ದಸರೆಯ ಮಾರನೇ ದಿನ ದನದ ಕೊಟ್ಟಿಗೆಯಲ್ಲಿ ಕುಸಿದು ಕುಳಿತ. ಈ ಸಲ ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ತಿಳಿಸಿ ಹೇಳಿದರು: “ಆಯಿ, ಕಾಲಿನ ನರಕ್ಕ ಸಾವಕಾಶ ಹರಿಯೋ ರಕ್ತ ಅಷ್ಟ ಗೊತ್ತು. ಎದಿಯ ರಭಸಕ್ಕ ಅದನ್ನ ಒಡ್ಡೇವಿ. ಆ ಏಟು ತಾಳಬೇಕಂತ ಅದು ತನ್ನ ಗೋಡಿ ದಪ್ಪ ಮಾಡ್ಕೋತೈತಿ. ಒಂದು ಮಟ್ಟದ ತನಕ ಅದು ಬೇಕು. ಆದ್ರ ಜೋಡಿಸಿದ ಕಡೆ ರಕ್ತ ಸುಳಿ ತಿರುಗಿ ಮಂದ ಹರಿತೈತಿ ನೋಡ್ರಿ, ಅಲ್ಲಿ ಗೋಡಿ ಬೆಳಿಯೂದು ನಿಲ್ಲಂಗಿಲ್ಲ. ಒಳಗಿನ ದಾರಿನ ಸಣ್ಣ ಆಗ್ತೈತಿ.”

ತಲೆ ಆಡಿಸಿ ಬಂದೆ, ತಿಳಿದಿರಲಿಲ್ಲ. ಮನೆಗೆ ಬಂದು ದೀಪ ಹಚ್ಚಿ ಗೋಡೆಯ ಗೂಡಿನಲ್ಲಿ ಇಡಲು ಹೋದರೆ ಹಣತೆ ಹಿಡಿಯಲೊಲ್ಲದು. ನಾನು ಸೊಸೆಯಾಗಿ ಬಂದಾಗ ಆ ಗೂಡಿನಲ್ಲಿ ದೀಪದ ಪಕ್ಕ ಎಣ್ಣೆಯ ಗಿಂಡಿಯೂ ಕೂರುತ್ತಿತ್ತು. ವರ್ಷವರ್ಷವೂ ಮಣ್ಣು ಮೆತ್ತಿದೆವು, ಸಾರಿಸಿದೆವು, ಗೋಡೆ ಗಟ್ಟಿಯಾಗಲಿ ಎಂದೇ. ಈಗ ಗೋಡೆ ಗಟ್ಟಿ ಇದೆ, ದೀಪಕ್ಕೆ ಜಾಗವಿಲ್ಲ. ಅಲ್ಲೇ ಕುಳಿತು ಅತ್ತೆ ಕಣೇ. ಕುಡುಗೋಲಿನ ತುದಿಯಿಂದ ಕೆರೆದೆ. ಒಂದು ಪದರ ಉದುರಿದಾಗ ಒಳಗೆ ಬೆರಳಿನ ಗೆರೆಗಳು ಕಂಡವು. ನಿನ್ನ ಅವ್ವ ಜಯಶ್ರೀ ಸಾರಿಸಿದ್ದು. ಅವಳೊಬ್ಬಳೇ ಹಾಗೆ ಅರ್ಧಚಂದ್ರದ ಹಾಗೆ ಕೈ ಎಳೆಯುತ್ತಿದ್ದಳು. ಅಲ್ಲಿಗೆ ಕೈ ನಿಲ್ಲಿಸಿದೆ.

ಡಾಕ್ಟರಮ್ಮ ಹೇಳಿದ ನರದ ಮಾತು ಆಗ ತಿಳಿಯಿತು, ನೀನು ನೆನಪಾದೆ. ಬೈಪಾಸಾದ ಮರುವರ್ಷ ನಿನ್ನ ಅವ್ವ ಜ್ವರದಲ್ಲಿ ತೀರಿಹೋದಳು. ಕಾಲೇಜಿಗೆ ಹೋಗುವ ಹುಡುಗಿಯನ್ನು ಎಳೆದು ಅವಳ ಜಾಗಕ್ಕೆ ಜೋಡಿಸಿದೆವು. ಒಲೆ, ದನ, ಅಪ್ಪನ ಗುಳಿಗೆ, ನನ್ನ ಬಾಯಿ, ಎಲ್ಲವೂ ಒಮ್ಮೆಲೇ ನಿನ್ನ ಮೇಲೆ. ನೀನು ತಾಳಿದೆ. ತಾಳಿ ತಾಳಿ ಗೋಡೆ ದಪ್ಪವಾಯಿತು. ಗಟ್ಟಿ ಹುಡುಗಿ ಎಂದು ಊರಿಗೆಲ್ಲ ಹೇಳಿಕೊಂಡು ನಾವು ಹಿಗ್ಗಿದೆವು. ನೀನು ಬ್ಯಾಗು ಹಿಡಿದು ಹೊರಟ ದಿನ ನಿನ್ನ ಅಪ್ಪ ಕೇಳಿದ್ದು “ಉಗ್ರಾಣದ ಕೀಲಿ ಯಾರ ಕಡೆ ಕೊಟ್ಟಿ?” ಎಂದಷ್ಟೇ. ಅದಕ್ಕೇ ಅಲ್ಲವೇ ಈ ಸಿಟ್ಟು? ಆ ಮೂಳನಿಗೆ “ಹೋಗಬ್ಯಾಡ” ಅನ್ನಲು ಬರಲಿಲ್ಲ, ಕೀಲಿ ಕೇಳಿದ. ಅವತ್ತಿನಿಂದ ಆ ಕೀಲಿ ಅವನ ಉಡಿದಾರದಲ್ಲೇ ಇದೆ, ನನಗೂ ಕೊಡುವುದಿಲ್ಲ.

ಚೆನ್ನಾಗಿ ಓದು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಆಯಿ,
ಫಕ್ಕೀರವ್ವ

ತಾ.ಕ.: ತಿಪ್ಪವ್ವ ಅಂಚೆಗೆ ಹೊರಟು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಪ್ಪನಿಗೆ ಮತ್ತೆ ಆಪರೇಷನ್ ಆಗಬೇಕು, ತಡವಾದರೆ ಆ ದಾರಿ ಮುಚ್ಚಿಯೇ ಹೋಗುತ್ತದೆ ಎಂದಿದ್ದಾರೆ ಡಾಕ್ಟರಮ್ಮ. ಹೆಚ್ಚುಕಮ್ಮಿಯಾದರೆ ನಮ್ಮ ತಕರಾರಿಲ್ಲ ಎಂದು ಮನೆಯವರು ಸೈ ಮಾಡಬೇಕಂತೆ. ಹಿಂದಿನ ಸಲ ಜಯಶ್ರೀ ಮಾಡಿದ್ದಳು. ಈ ಸಲ ನಾನು ಪೆನ್ನು ಹಿಡಿದರೆ ಕಸಿದುಕೊಂಡ. “ಹಡದಾಕಿ ಕೈಲೆ ಇಂಥಾ ಕಾಗದಕ್ಕ ಸೈ ಮಾಡಸೂದಿಲ್ಲ. ನನ್ನ ಮಗಳು ಬರ್ತಾಳ, ಆಕಿ ಮಾಡ್ತಾಳ” ಎಂದು ಡಾಕ್ಟರಮ್ಮನ ಮುಂದೆ ಹೇಳಿ ಎದ್ದು ಬಂದ. “ಆಕಿಗೆ ಹೇಳಿ ಕಳಿಸಿಯೇನೋ?” ಎಂದರೆ ಗೋಡೆ ನೋಡುತ್ತಾನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಕೊಡು. ಬಂದೇ ಕೊಡು. ಬರುವಾಗ ಪೆನ್ನು ತಾ, ನಮ್ಮ ಮನೆಯದು ಈ ಕಾಗದಕ್ಕೇ ಮುಗಿಯಿತು.