ಹಗ್ಗದ ಆಚೆ ತುದಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಮೊಣಕಾಲು ಹೇಗಿದೆ? ಹಾಸ್ಟೆಲ್ಲಿನ ಮೆಟ್ಟಿಲನ್ನು ದಿನವಿಡೀ ಹತ್ತಿಳಿಯಬೇಡ. ವಾರ್ಡನ್ ಕೆಲಸಕ್ಕೆ ಹೋದವಳು ನೀನು, ಕಾವಲಿಗಲ್ಲ. ನಾನು ಚೆನ್ನಾಗಿದ್ದೇನೆ. ಅಡುಗೆಗೆ ಉಪ್ಪು ಹೆಚ್ಚಾಗುವುದು ನಿಂತಿದೆ. ಈಗ ಹಾಕುವುದೇ ಮರೆಯುತ್ತದೆ.

ನೀನು ಕೇಳಿದ ಬರೆಯುವ ಮೇಜನ್ನು ಮುಂದಿನ ಭಾನುವಾರ ತರುತ್ತೇನೆ. ಅದಕ್ಕೆಂದೇ ಕಾರಿನ ಮೇಲೆ ಕ್ಯಾರಿಯರ್ ಕೂರಿಸಿದೆ. ಜೊತೆಗೆ ಬಂದ ಕಾಗದದಲ್ಲಿ ಒಂದಕ್ಷರವಿಲ್ಲ, ಬರೀ ಚಿತ್ರ. ಒಂದರಲ್ಲಿ ಒಬ್ಬನೇ ನಿಂತಿದ್ದಾನೆ, ಅವನ ಮೇಲೆ ಅಡ್ಡಗೀಟು. ಪಕ್ಕದಲ್ಲಿ ಇಬ್ಬರು ನಗುತ್ತಿದ್ದಾರೆ, ಅವರಿಗೆ ಸರಿ ಗುರುತು. ಒಬ್ಬನೇ ಇರುವವನು ಏನು ಮಾಡಬೇಕೆಂದು ಕಂಪನಿಗೆ ಬರೆದಿದ್ದೇನೆ. ಉತ್ತರ ಬರುವುದಿಲ್ಲ, ಗೊತ್ತು. ಮೊನ್ನೆ ಯಾರದೋ ಕಾರಿನ ಮೇಲಿನ ಹಾಸಿಗೆ ಹಾರಿ ಸ್ಕೂಟರಿನವಳ ಮುಂದೆ ಬಿತ್ತು. ‘ಗಾಳಿ ಜೋರಿತ್ತು ಸಾರ್’ ಅಂದ ಆ ಮಹಾಶಯ, ಹಗ್ಗ ಬಿಗಿಯಬೇಕಾದದ್ದು ಗಾಳಿಯೇ ಎಂಬಂತೆ. ಪತ್ರಿಕೆಗೆ ಒಂದು ಪುಟ ಬರೆದೆ, ಎರಡು ಸಾಲು ಹಾಕಿದರು. ನಾವು ಚಿಕ್ಕವರಿದ್ದಾಗ ಕ್ಲೀನರ್ ಬಸ್ಸಿನ ಮೇಲೆ ಹತ್ತಿ, ಗಂಟು ಹಾಕಿದ ಪ್ರತಿ ಟ್ರಂಕನ್ನೂ ಒದ್ದು ನೋಡಿಯೇ ಇಳಿಯುತ್ತಿದ್ದ. ಈಗ ಒದೆಯಬೇಕಾದದ್ದು ಟ್ರಂಕುಗಳನ್ನಲ್ಲ.

ಇವತ್ತು ಒಮ್ಮೆ ಕಟ್ಟಿ ನೋಡೋಣ ಎಂದುಕೊಂಡೆ. ಮೇಜು ಎತ್ತಿಕೊಟ್ಟ ಬಡಗಿ ಅವಸರವೆಂದು ಹೊರಟುಹೋದ. ಮನೆ ಬದಲಿಸಿದಾಗಲೆಲ್ಲ ನಾನು ಈಚೆಯಿಂದ ಹಗ್ಗ ಎಸೆಯುವುದು, ನೀನು ಆಚೆಯಿಂದ ‘ಸಿಕ್ತು ರೀ, ಎಳೀರಿ’ ಅನ್ನುವುದು. ಇವತ್ತೂ ಎಸೆದೆ. ಯಾರೂ ಏನೂ ಅನ್ನಲಿಲ್ಲ. ಸುತ್ತಿ ಹೋಗಿ ನೋಡಿದರೆ ಹಗ್ಗ ನೆಲದ ಮೇಲಿತ್ತು. ನಾನು ಸುತ್ತುವುದನ್ನು ಕಿಟಕಿಯಿಂದ ನೋಡುತ್ತಿದ್ದ ಎದುರುಮನೆ ದರ್ಜಿ, ‘ಏನ್ ಸಾರ್, ಕಾರಿಗೆ ಹರಕೆ ಹೊತ್ತಿದ್ದೀರಾ?’ ಅಂದ. ಸ್ವಲ್ಪ ಬಂದು ಹಿಡಿ ಎನ್ನಲು ಬಾಯಿ ಬರಲಿಲ್ಲ. ಅದು ನಿನ್ನ ಜಾಗ.

ಕ್ಯಾರಿಯರ್ ಕಂಬಿಗಳನ್ನಷ್ಟೇ ನಂಬದೆ ಕಿಟಕಿಗಳ ಮೂಲಕವೂ ಹಗ್ಗ ತೂರಿಸಿ ಬಿಗಿದೆ. ಮೇಜು ಅಲುಗಲಿಲ್ಲ. ಬಾಗಿಲೂ ತೆರೆಯಲಿಲ್ಲ. ಮುಚ್ಚಿದ ಬಾಗಿಲುಗಳನ್ನೆಲ್ಲ ಸೇರಿಸಿಯೇ ಕಟ್ಟಿದ್ದೆ. ‘ಮೊದಲು ಬಾಗಿಲು ತೆಗೀರಿ, ಆಮೇಲೆ ಹಗ್ಗ’ ಎಂದು ನೀನು ಪ್ರತಿ ಸಲ ಹೇಳುತ್ತಿದ್ದೆ, ನಾನು ಪ್ರತಿ ಸಲ ‘ಗೊತ್ತು ಬಿಡೇ’ ಅನ್ನುತ್ತಿದ್ದೆ.

ಬರೆಯುವ ಮೇಜು ತರಿಸಿಕೊಳ್ಳುವವರು ರಜೆಗೂ ಮನೆಗೆ ಬರುವುದಿಲ್ಲವೆಂದು ದರ್ಜಿಯ ಅಭಿಪ್ರಾಯ. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಹಾಸ್ಟೆಲ್ಲಿನ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
‘ರೀ’

ವಿ.ಸೂ.: ಮರೆತೆ. ಮೇಜು ಇಳಿಸಿ ಪೇಟೆಗೆ ಹೋಗಿಬಂದೆ. ಕ್ಯಾರಿಯರ್ ಖಾಲಿ ಇದ್ದರೆ ದಾರಿಯುದ್ದಕ್ಕೂ ಗಾಳಿಗೆ ಶಿಳ್ಳೆ ಹೊಡೆಯುತ್ತದೆ, ಸಾಮಾನಿದ್ದರೆ ಸುಮ್ಮನಿರುತ್ತದಂತೆ. ನಿಮ್ಮ ರಜೆ ನಾನು ಬರುವ ಭಾನುವಾರದ ಮರುದಿನದಿಂದ ತಾನೇ? ವಾಪಸು ಬರುವಾಗ ನಿನ್ನ ಸೂಟ್‌ಕೇಸ್ ಒಂದಿದ್ದರೆ ಸಾಕು. ಹಿಂದಿನ ಸೀಟು ಖಾಲಿಯಿದ್ದರೂ ಅದನ್ನು ಮೇಲೆಯೇ ಕಟ್ಟೋಣ. ನಾನು ಈಚೆಯಿಂದ ಹಗ್ಗ ಎಸೆಯುತ್ತೇನೆ.