ಕರಿ ಕತ್ತಿಯ ಸಂಚಕಾರ

೧೨ ಆಗಸ್ಟ್ ೨೦೦೭, ಭಾನುವಾರ. ಸಂಜೆ ೭.೩೦

ನಾಲ್ಕೂವರೆಗೆ ಮಿಸ್ಡ್ ಕಾಲ್. ಒಂದೇ ರಿಂಗ್, ಅಂದರೆ ಫಕೀರೇಶ. ಎರಡಾದರೆ ಹನಮೇಶ. ನನ್ನ ಸೈಬರ್ ಕೆಫೆಯ ಒಂಬತ್ತನೇ ಸಿಸ್ಟಮ್‌ನಲ್ಲಿ ಫಕೀರೇಶನ ಪಾಸ್‌ವರ್ಡ್ ಹಾಕಿ ಲಾಗಿನ್ ಮಾಡಿದೆ. ಆನ್‌ಲೈನ್ ಗೇಮ್‌ನ ಅವನ ಯೋಧನನ್ನು ಕೋಟೆಯೊಳಗೆ ನಡೆಸಿ ಕಂಬದ ಪಕ್ಕ ನಿಲ್ಲಿಸಿದೆ. ಗೇಮ್‌ನಲ್ಲಿ ಭಾನುವಾರ ಐದಕ್ಕೆ ಕೋಟೆ ಬಾಗಿಲು ಮುಚ್ಚುತ್ತದೆ, ಆಮೇಲೆ ಯುದ್ಧ. ತಡವಾಗಿ ಬಂದವನು ಹೊರಗೇ. ಫಕೀರೇಶ ಬೆಂಗೇರಿಯ ಲಾರಿ ಕಾಟಾದಲ್ಲಿ ತೂಕದ ಚೀಟಿ ಬರೆಯುವವನು. ಬಿಡುಗಡೆಯೇ ಐದಕ್ಕೆ. ಸೈಕಲ್ ತುಳಿದು ಉಣಕಲ್ ಮುಟ್ಟುವಾಗ ಐದೂ ಇಪ್ಪತ್ತು. ಅಲ್ಲಿಯವರೆಗೆ ಅವನ ಯೋಧ ನನ್ನ ಜವಾಬ್ದಾರಿ. ಊರಲ್ಲಿ ಬೇರೆ ಯಾವ ಸೈಬರ್ ಕೆಫೆಯಲ್ಲೂ ಈ ಸೇವೆ ಇಲ್ಲ.

ಬಂದ. ಬೆವರು ಒರೆಸಿಕೊಳ್ಳದೇ ಕೂತ. ಎರಡು ತಾಸು ಸ್ಕ್ರೀನ್‌ನಿಂದ ಕಣ್ಣು ಕೀಳಲಿಲ್ಲ. ಗುಂಪಿನ ಹೆಸರು ಉಣಕಲ್ ಬಾಯ್ಸ್. ಹನ್ನೊಂದು ಜನ, ಅದರಲ್ಲಿ ಉಣಕಲ್‌ನವರು ಮೂವರು! ಮುಂದೆ ನಿಲ್ಲುವವನು ಮಾತ್ರ ಯಾವಾಗಲೂ ಫಕೀರೇಶ. ಇಂದು ಕೋಟೆ ಗೆದ್ದರು. ಜೊತೆಗೆ ಕರಿ ಕತ್ತಿ ಸಿಕ್ಕಿತು. ಇಡೀ ಸರ್ವರ್‌ಗೆ ಅದೊಂದೇ. ಹನಮೇಶ ಕುರ್ಚಿಯ ಮೇಲೆ ನಿಂತು ಕುಣಿದ, ಕುರ್ಚಿ ಮುರಿಯಿತು. ಕತ್ತಿ ಫಕೀರೇಶನ ಬಳಿ ಇರಲಿ, ಯಾರೂ ಮಾರುವುದು ಬೇಡ ಎಂದು ಎಲ್ಲರೂ ಕೈ ಮೇಲೆ ಕೈ ಇಟ್ಟರು.

ಕುರ್ಚಿಯ ವಿಷಯ ಕೆಫೆ ಹಾಕಿಕೊಟ್ಟ ಕಾಕಾನಿಗೆ ಹೇಳಿಲ್ಲ.

೧೪ ಆಗಸ್ಟ್, ಮಂಗಳವಾರ

ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಕೆಲಸ. ನಾನೂ ಆಡುತ್ತೇನೆ, ಹೊಡೆದಾಟವಲ್ಲ. ಕಾಡುಹಂದಿ ಕೊಂದು ಗೇಮ್‌ನ ನಾಣ್ಯ ಕೂಡಿಸುತ್ತೇನೆ. ಧಾರವಾಡದ ಹಾಸ್ಟೆಲ್ ಹುಡುಗರಿಗೆ ಮಾರುತ್ತೇನೆ. ಅವರು ಮೊಬೈಲ್ ರೀಚಾರ್ಜ್ ಕೂಪನ್‌ನ ನಂಬರ್ ಕಳಿಸುತ್ತಾರೆ. ಅದನ್ನು ಪಕ್ಕದ ಎಸ್‌ಟಿಡಿ ಬೂತಿನ ಶಹಜಹಾನಬೇಗಂ ನಗದು ಮಾಡಿಕೊಡುತ್ತಾಳೆ. ಅಡತಿ ಅಂಗಡಿಯ, ಅಂದರೆ ದಲ್ಲಾಳಿ ವ್ಯಾಪಾರದ, ಮನೆತನದಲ್ಲಿ ಹುಟ್ಟಿದವಳು ಹಂದಿ ಕೊಂದೂ ಲಾಭ ತೆಗೆಯಬೇಕಲ್ಲ…

ಇಂದು ಕಿಂಗ್೭೭ ಎಂಬ ಹೆಸರಿನವನು ಗೇಮ್‌ನಲ್ಲೇ ಮೆಸೇಜ್ ಕಳಿಸಿದ. ಕರಿ ಕತ್ತಿ ನಿಮ್ಮವರ ಬಳಿ ಇದೆಯಂತೆ. ಇಪ್ಪತ್ತೆರಡು ಸಾವಿರ. ನಿಜವಾದ ರೂಪಾಯಿ.

ಎರಡು ಸಲ ಓದಿದೆ. ಧಾರವಾಡದ ಬಿ.ಎಡ್. ಸೀಟಿಗೆ ಕಟ್ಟಬೇಕಾದದ್ದೂ ಅಷ್ಟೇ. ಸೆಪ್ಟೆಂಬರ್ ಹತ್ತು ಕೊನೆಯ ದಿನ.

೧೯ ಆಗಸ್ಟ್, ಭಾನುವಾರ

ಯುದ್ಧ ಮುಗಿದ ಮೇಲೆ ಫಕೀರೇಶನನ್ನು ಕೌಂಟರ್ ಹತ್ತಿರ ಕರೆದು ಹೇಳಿದೆ.

"ಇಪ್ಪತ್ತೆರಡು ಸಾವಿರ ಬರ್ತೈತಿ. ನನಗ ಕೈಗಡ ಕೊಡು. ಮಾಸ್ತರ್ಕಿ ಸಿಕ್ಕ ಮ್ಯಾಲೆ ಎಲ್ಲಾರ್ದೂ ತೀರಸ್ತೇನಿ."

"ಅದು ಹೊಡದು ಗೆದ್ದದ್ದರಿ ಅಕ್ಕಾರ. ರೊಕ್ಕ ಕೊಟ್ಟು ತಗೊಂಡಾಂವ ನಮ್ಮನ್ನ ಹೊಡ್ಯಾಕ ಬಂದ್ರ ನಾವು ಯಾತಕ್ಕ ಆಡೂದು?"

"ರೊಕ್ಕ ನಿನಗ ಬ್ಯಾಡೇನು?"

"ಬೇಕ್ರಿ. ಕಾಟಾದಾಗ ದಿನಾ ಒಬ್ಬಾಂವ ಕೇಳ್ತಾನ, ಒಂದ್ ಕ್ವಿಂಟಲ್ ಹೆಚ್ಚ ಬರಿ, ನೂರು ಕೊಡ್ತೇನಿ ಅಂತ. ಬರೆಯಂಗಿಲ್ಲ. ಇದೂ ಹಂಗ."

ಇಪ್ಪತ್ತು ವರ್ಷದ ಹುಡುಗ ನನಗೆ ನೀತಿ ಹೇಳಲು ಬಂದ. ಸಿಟ್ಟು ಬಂತು. ಅವನು ಹೇಳಿದ್ದು ಸರಿ ಎಂಬುದಕ್ಕೇ ಹೆಚ್ಚು ಬಂತು.

೨೭ ಆಗಸ್ಟ್

ಮುರುಗೆಪ್ಪ ಕಾಕಾನ ಮುಂದೆ ಸೀಟಿನ ಮಾತು ಎತ್ತಿದೆ. ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು. "ಕೂತು ತಿನ್ನಬಾರದು ಅಂತ ಸೈಬರ್ ಹಾಕಿಕೊಟ್ಟೇನಿ. ಇಪ್ಪತ್ನಾಕು ಆದುವು ನಿನಗ. ಇನ್ನ ಸಾಲಿ ಕಲಿಯೂದಲ್ಲ ಆರತಿ, ಗದಗಿನವ್ರು ನೋಡಾಕ ಬರ್ತಾರ."

ಗದಗಿನವರ ಹುಡುಗನ ಮೊದಲ ಹೆಂಡತಿ ಸತ್ತು ಏಳು ತಿಂಗಳು. ಅಪ್ಪ ಇದ್ದಿದ್ದರೆ… ಇಲ್ಲ. ಅದನ್ನು ಬರೆದು ಏನು ಪ್ರಯೋಜನ.

೫ ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ ೧

ಮಾಡಿಬಿಟ್ಟೆ.

ಕರೆಂಟ್ ಇರಲಿಲ್ಲ. ಯುಪಿಎಸ್ ಮೇಲೆ ಒಂದೇ ಸಿಸ್ಟಮ್. ಕೆಫೆ ಖಾಲಿ. ಕಿಂಗ್೭೭ ಮೊದಲೇ ಸಂಚಕಾರದ ಮುಂಗಡ ಕಳಿಸಿದ್ದ, ಐನೂರರ ನಾಲ್ಕು ಕೂಪನ್. ನಂಬರ್ ಹಾಕಿ ನೋಡಿದೆ, ನಾಲ್ಕೂ ಖರೆ. ಉಳಿದದ್ದು ಮಾಲು ಕೈಗೆ ಬಂದ ಮರುದಿನ ಬ್ಯಾಂಕಿಗೆ ಎಂದ. ಫಕೀರೇಶನ ಪಾಸ್‌ವರ್ಡ್ ಹಾಕಿದೆ. ಯೋಧನನ್ನು ಗೇಮ್‌ನ ಊರ ಬಾವಿಯ ಹತ್ತಿರ ನಡೆಸಿದೆ. ಅಲ್ಲಿ ಕಾದಿದ್ದ ಕಿಂಗ್೭೭ನಿಗೆ ಕತ್ತಿ ಕೊಟ್ಟೆ. 'ಒಪ್ಪಿಗೆ' ಒತ್ತುವ ಮುನ್ನ ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಕಾಕಾನ ಅಡತಿಯಲ್ಲಿ ಹಾಗೆಯೇ. ಸಂಚಕಾರ ಹಿಡಿದ ಮೇಲೆ ಮಾಲು ಲಾರಿ ಏರಲೇಬೇಕು. ಪೂರ್ತಿ ರೊಕ್ಕ ಎಂಟು ದಿನಕ್ಕೋ ಹದಿನೈದಕ್ಕೋ ಬರುತ್ತದೆ. ಅಪ್ಪನ ಕಾಲದಿಂದ ಒಬ್ಬನೂ ಮುಳುಗಿಸಿಲ್ಲ. ನಾನೂ ಅದೇ ರೀತಿ ಮಾಡಿದೆ.

ರೊಕ್ಕ ಬಂದ ಕೂಡಲೇ ಸೀಟು. ಫಕೀರೇಶನಿಗೆ ಆಮೇಲೆ ನಾನೇ ಹೇಳುತ್ತೇನೆ. ಕಾಲು ಹಿಡಿದಾದರೂ.

೮ ಸೆಪ್ಟೆಂಬರ್, ಶನಿವಾರ

ಬ್ಯಾಂಕಿಗೆ ಮೂರನೇ ಸಲ. ಪಾಸ್‌ಬುಕ್ ಪ್ರಿಂಟ್ ಮಾಡುವವನು ಮುಖ ನೋಡಿ ನಕ್ಕ. ಏನೂ ಬಂದಿಲ್ಲ. ಕಿಂಗ್೭೭ ಉತ್ತರ ಕೊಡುತ್ತಿಲ್ಲ. ಇಂದು ಹುಡುಕಿದರೆ ಆ ಹೆಸರೇ ಇಲ್ಲ.

ಕಾಕಾನ ಅಂಗಡಿಗೆ ಬರುವವನ ಊರು ಗೊತ್ತು, ಮನೆ ಗೊತ್ತು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾನೆಂಬುದೂ ಗೊತ್ತು. ನನಗೆ ಗೊತ್ತಿದ್ದದ್ದು ಒಂದು ಹೆಸರು, ಎರಡು ಅಂಕಿ. ವ್ಯಾಪಾರಸ್ಥರ ಮಗಳಂತೆ!

೯ ಸೆಪ್ಟೆಂಬರ್, ಭಾನುವಾರ

ನಾಲ್ಕೂವರೆಗೆ ಒಂದು ರಿಂಗ್. ಹೋಗಿ ಕೂತೆ. ಒಳಗೆ ನಡೆಸಿ ನಿಲ್ಲಿಸಿದೆ. ಐದೂ ಹತ್ತಕ್ಕೆ ಎದುರು ಗುಂಪು ನುಗ್ಗಿತು. ಮುಂದಿದ್ದವನ ಕೈಯಲ್ಲಿ ಕರಿ ಕತ್ತಿ. ಅವನು ನೇರ ಕಂಬದ ಹತ್ತಿರ ಬಂದ. ಏನೇನೋ ಕೀ ಒತ್ತಿದೆ. ಮೂರು ಏಟು, ಅಷ್ಟೇ. ಫಕೀರೇಶನ ಯೋಧ ನನ್ನ ಕೈಯಲ್ಲೇ ಸತ್ತ.

ಐದೂ ಇಪ್ಪತ್ತಕ್ಕೆ ಫಕೀರೇಶ ಬಂದ. ಹುಡುಗರೆಲ್ಲ ಕೂಗಾಡುತ್ತಿದ್ದರು. ಅವನು ಸ್ಕ್ರೀನ್ ನೋಡಿದ. ಯೋಧನ ಚೀಲ ತೆರೆದು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಎದ್ದೇಳ್ರಿ ಅಕ್ಕಾರ," ಅಂದ. ಅಷ್ಟೇ.

ಅವನಿಗೆ ತಿಳಿಯಿತು. ಆಗಲೇ ತಿಳಿಯಿತು.

೧೧ ಸೆಪ್ಟೆಂಬರ್, ಮಂಗಳವಾರ

ನಿನ್ನೆ ಸೀಟಿನ ದಿನ ಮುಗಿಯಿತು. ಅದರ ದುಃಖಕ್ಕೆ ಇಂದು ಜಾಗವಿಲ್ಲ.

ಸಂಜೆ ಆರಕ್ಕೆ ಹುಡುಗರೆಲ್ಲ ಬಂದರು. ಹನಮೇಶ ಬೀರಪ್ಪನ ಗುಡಿಯಿಂದ ಭಂಡಾರ ತಂದಿದ್ದ. ಪೇಪರ್ ಪುಡಿಕೆ ಬಿಚ್ಚಿ ಕೀಬೋರ್ಡ್ ಪಕ್ಕ ಇಟ್ಟ. ಹಳದಿ ಪುಡಿ ಮೌಸ್ ಮೇಲೂ ಬಿತ್ತು. ಅವರ ಮನೆತನಗಳಲ್ಲಿ ಭಂಡಾರ ಮುಟ್ಟಿ ಸುಳ್ಳು ಹೇಳುವವರಿಲ್ಲ. ಹೇಳಿದರೆ ಮನೆ ಉಳಿಯುವುದಿಲ್ಲ ಎಂಬ ನಂಬಿಕೆ.

"ಮುಟ್ಟಿ ಹೇಳು, ನೀ ಮಾರಿಲ್ಲ ಅಂತ," ಅಂದ ಹನಮೇಶ.

ಫಕೀರೇಶ ತಡಮಾಡಲಿಲ್ಲ. ಕೈ ಚಾಚಿದ. ಆಗ ಹಿಂದಿನಿಂದ ಒಬ್ಬ, "ಅಂವಾ ಮಾರಿಲ್ಲಂದ್ರ ಪಾಸ್‌ವರ್ಡ್ ಗೊತ್ತಿದ್ದವ್ರು ಮುಟ್ಟಬೇಕು ನೋಡ್ರಿ," ಅಂದ. ಯಾರೂ ನನ್ನ ಕಡೆ ತಿರುಗಲಿಲ್ಲ. ಆದರೂ ನಾನು ಎದ್ದು ಫ್ಯಾನ್ ಸ್ವಿಚ್ ಹುಡುಕತೊಡಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಫಕೀರೇಶನ ಕೈ ಪುಡಿಕೆಯ ಮೇಲೆ ನಿಂತಿತು. ಹಿಂದಕ್ಕೆ ತೆಗೆದುಕೊಂಡ.

"ನಾ ಮುಟ್ಟಂಗಿಲ್ಲ."

"ಅಂದ್ರ ನೀನ…"

"ಮುಟ್ಟಂಗಿಲ್ಲ ಅಂದ್ನಲ್ಲ."

ಹನಮೇಶ ಕಪಾಳಕ್ಕೆ ಹೊಡೆದ. ಮತ್ತೊಬ್ಬ ಕಾಲರ್ ಹಿಡಿದ. ನಾನು "ಒಳಗ ಗದ್ದಲ ಬ್ಯಾಡ" ಅಂದೆ. ಇದೊಂದೇ ಮಾತು ನನ್ನ ಬಾಯಿಂದ ಬಂದದ್ದು. ಒಳಗೆ ಗದ್ದಲ ಬೇಡ.

೨೦ ಸೆಪ್ಟೆಂಬರ್

ಫಕೀರೇಶ ದಿನಾ ಬರುತ್ತಾನೆ. ತಾಸಿಗೆ ಹತ್ತು ರೂಪಾಯಿ ಕೌಂಟರ್ ಮೇಲಿಟ್ಟು ಮೂಲೆಯ ಸಿಸ್ಟಮ್‌ಗೆ ಕೂರುತ್ತಾನೆ. ಗುಂಪಿನಿಂದ ತೆಗೆದಿದ್ದಾರೆ. ಅವನ ಯೋಧ ಊರ ಬಾವಿಯ ಹತ್ತಿರ ಒಬ್ಬನೇ ನಿಂತಿರುತ್ತಾನೆ. ಇತ್ತ ಕೂತ ಉಳಿದ ಹತ್ತೂ ಜನ ಒಬ್ಬೊಬ್ಬರಾಗಿ ಹೋಗಿ ಕೊಲ್ಲುತ್ತಾರೆ. ಎದ್ದರೆ ಮತ್ತೆ. ಸತ್ತಾಗಲೆಲ್ಲ ಬಲ ಕಡಿಮೆಯಾಗುತ್ತದೆ. ಎರಡು ವರ್ಷ ಗಳಿಸಿದ್ದು ಒಂಬತ್ತು ದಿನದಲ್ಲಿ ಅರ್ಧವಾಗಿದೆ. ಅವನು ಒಮ್ಮೆಯೂ ಕೈ ಎತ್ತಿಲ್ಲ. ಅವರನ್ನೆಲ್ಲ ಒಟ್ಟಿಗೆ ಕೆಡವಬಲ್ಲವನು.

ಇಂದು ಎಲ್ಲರೂ ಹೋದ ಮೇಲೆ ಕೇಳಿದೆ. "ಯಾಕ ಬರ್ತಿ?"

"ಓಡಿ ಹೋದ್ರ ಖರೇನ ಕಳ್ಳ ಆಗ್ತೇನ್ರಿ."

"ಅವತ್ತ ಮುಟ್ಟಬೇಕಿತ್ತು ನೀ."

"ನಾ ಮುಟ್ಟಿದ್ರ ಮುಂದಿನ ಪಾಳಿ ನಿಮ್ಮದಿತ್ತು." ಮೌಸ್ ಪಕ್ಕಕ್ಕೆ ಸರಿಸಿ, "ಎರಡು ವರ್ಷ ನನ್ನ ಯೋಧನ್ನ ಕಾಯ್ದೀರಿ ಅಕ್ಕಾರ," ಅಂದ.

"ನಾಳೆ ಹೇಳ್ತೇನಿ. ಎಲ್ಲಾರ ಮುಂದ ಹೇಳ್ತೇನಿ."

"ನಿಮ್ಮ ಖುಷಿರಿ."

೨೧ ಸೆಪ್ಟೆಂಬರ್

ಹೇಳಲಿಲ್ಲ.

೩ ಅಕ್ಟೋಬರ್, ಬುಧವಾರ. ಬೆಳಿಗ್ಗೆ ೧೧

ಎಂಟು ದಿನದಿಂದ ಫಕೀರೇಶ ಬಂದಿಲ್ಲ. ಇಂದು ಅವನ ತಾಯಿ ಬಂದಳು. ರುಕ್ಮವ್ವ. ಹಿಂದೆಂದೂ ನೋಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು. ಕರೆದು ಕೂರಿಸಿದೆ.

"ಕಾಟಾದಿಂದ ಬಿಡಿಸ್ಯಾರ್ರಿ. ಗಿರಿಯಪ್ಪ ಸಾವಕಾರ್ರು ಹೇಳಿ ಕಳಿಸಿದ್ರು, ತೂಕದ ಮುಂದ ಕಳ್ಳನ್ನ ಕುಂದರಸಾಕ ಬರಂಗಿಲ್ಲ ಅಂತ."

ಗಿರಿಯಪ್ಪ ಕಾಟಾದ ಮಾಲೀಕ, ಹನಮೇಶನ ಸೋದರಮಾವ. ಸುದ್ದಿ ಹೋದ ದಾರಿ ಕೇಳಬೇಕಿಲ್ಲ.

"ಏನ ಕದ್ದಾನ್ರಿ ಅಂವಾ? ಕತ್ತಿ ಅಂತಾರ. ನಮ್ಮ ಮನ್ಯಾಗ ಈಳಿಗಿ ಬಿಟ್ರ ಒಂದ್ ಚಾಕು ಇಲ್ಲ. ಕೇಳಿದ್ರ ಮಾತಾಡವಲ್ಲ. ಮಾರ್ಯಾನ ಅಂದ್ರ ರೊಕ್ಕರ ಎಲ್ಲೈತಿ? ಬ್ಯಾರೆ ಕಾಟಾದವ್ರೂ ಒಳಗ ಬಿಡವಲ್ರು. ನೀವೊಂದು ಮಾತ ಹೇಳ್ರಿ ಅಕ್ಕಾರ. ನಿಮ್ಮ ಮಾತು ಕೇಳ್ತಾರಂತ ಹುಡುಗ್ರು."

ಚಹಾ ತರಿಸಿದೆ. ಸಾಸರಿಗೆ ಹಾಕಿಕೊಂಡು ಕುಡಿದಳು. ಅವಳ ಮುಂದೆ ಹೇಳಬಹುದಿತ್ತು, ಬಾಯವರೆಗೆ ಬಂದಿತ್ತು. "ಹೇಳ್ತೇನಿ, ಹೋಗಿ ಬರ್ರಿ" ಅಂದೆ. ಕೈ ಮುಗಿದು ಹೋದಳು. ನನಗೆ! ಅವಳು ಹೋದ ಮೇಲೆ ಶಟರ್ ಅರ್ಧ ಎಳೆದು ಅತ್ತೆ. ಅವಳಿಗಾಗಿ ಅತ್ತೆನೋ ನನ್ನ ಹೆದರಿಕೆಗಾಗಿ ಅತ್ತೆನೋ, ದೇವರಿಗೇ ಗೊತ್ತು.

೭ ಅಕ್ಟೋಬರ್, ಭಾನುವಾರ. ಸಂಜೆ ೬.೧೦

ಹೇಳಿದೆ.

ನಾಲ್ಕೂಮುಕ್ಕಾಲಿಗೆ ಹತ್ತೂ ಜನ ಇದ್ದರು. ಮೇನ್ ಸ್ವಿಚ್ ಆಫ್ ಮಾಡಿದೆ. ಎಲ್ಲರೂ ಹೆಡ್‌ಫೋನ್ ತೆಗೆದು ತಿರುಗಿದರು. "ಕತ್ತಿ ಫಕೀರೇಶ ಮಾರಿಲ್ಲ. ನಾ ಮಾರೇನಿ. ಅಂವಗ ಗೊತ್ತಿದ್ದೂ ನನ್ನ ಸಲುವಾಗಿ ಸುಮ್ಮನಾದ," ಅಂದೆ. ಹೊಡೆಯಲಿ, ಬೈಯಲಿ, ಕೆಫೆ ಒಡೆದುಹಾಕಲಿ ಎಂದು ನಿಂತಿದ್ದೆ.

ಯಾರೂ ಬೈಯಲಿಲ್ಲ. ಹನಮೇಶ ಕೇಳಿದ, "ಎಷ್ಟಕ್ಕ ಹೋತ್ರಿ?"

"ಇಪ್ಪತ್ತೆರಡು ಸಾವಿರಕ್ಕ." ಕೈಗೆ ಬಂದದ್ದು ಎರಡೇ ಎಂದು ಹೇಳಲು ನಾಚಿಕೆಯಾಯಿತು. ಕಳ್ಳತನ ಒಪ್ಪಿಕೊಂಡವಳಿಗೆ ಮೋಸ ಹೋದದ್ದನ್ನು ಒಪ್ಪಿಕೊಳ್ಳಲಾಗಲಿಲ್ಲ.

ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿದ್ದವನು, "ನನ್ನ ಕವಚಕ್ಕ ಎಷ್ಟ ಬರಬಹುದ್ರಿ?" ಅಂದ. ಮತ್ತೊಬ್ಬ ತನ್ನ ಕುದುರೆಯ ಬೆಲೆ ಕೇಳಿದ. ಸ್ವಿಚ್ ಆನ್ ಮಾಡಿಸಿದರು. ಐದಾಯಿತು. ಕೋಟೆ ಬಾಗಿಲು ಮುಚ್ಚಿತು. ಒಬ್ಬನೂ ಒಳಗೆ ಹೋಗಿರಲಿಲ್ಲ.

"ಫಕೀರೇಶಂದು ಹೇಳು ನಿಮ್ಮ ಮಾವಗ," ಅಂದೆ.

"ಹೇಳ್ತೇನ್ರಿ. ಅದಕ್ಕೇನ. ಮೊದಲ ಗುಂಪಿನ ಗುರಾಣಿ ಮಾರಿಸಿಕೊಡ್ರಿ, ನಿಮಗ ಗಿರಾಕಿ ಗೊತ್ತದಾರ. ರೊಕ್ಕ ಬಂದ ದಿನಾನ ಮಾವನ ಕಡೆ ಹೋಗ್ತೇನಿ."

"ನಾನ ಹೋಗಿ ಹೇಳ್ತೇನಿ ತಗೋ."

"ಹೋಗ್ರಿ. ಮುರುಗೆಪ್ಪ ಕಾಕಾರ ಲಾರಿ ಅಲ್ಲೇ ತೂಕ ಆಗ್ತಾವು. ಮಾವ ಮೊದಲ ಫೋನ್ ಮಾಡೂದು ಅವರಿಗೇ."

ಅವನು ಹೆದರಿಸಲಿಲ್ಲ. ಇದ್ದದ್ದು ಹೇಳಿದ. ನಾನು ಹೋದರೆ ಕೆಫೆ ಹೋಗುತ್ತದೆ, ಮುಂದಿನ ವಾರವೇ ಗದಗು. ಹೋಗದಿದ್ದರೆ ಫಕೀರೇಶ ಕಳ್ಳನಾಗಿಯೇ ಉಳಿಯುತ್ತಾನೆ, ಗುರಾಣಿ ಮಾರುವವರೆಗೆ. ಫಕೀರೇಶ ಸತ್ಯವನ್ನು ನಾಲ್ಕು ವಾರ ಹೊತ್ತ, ಬೆಲೆ ಕೇಳದೆ. ಇಲ್ಲಿ ಬೆಲೆ ಕಟ್ಟಿಯಾಯಿತು, ಗುರಾಣಿ ಒಂದು. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಹತ್ತು ಜನರ ಪಾಸ್‌ವರ್ಡ್ ಬರೆದ ಚೀಟಿ ಕೌಂಟರ್ ಮೇಲಿದೆ. ಒಬ್ಬೊಬ್ಬರಾಗಿ ತಾವೇ ಬರೆದು ಕೊಟ್ಟರು. ಹನಮೇಶ ಎರಡನೇ ಸಲ ಕರೆಯುತ್ತಿದ್ದಾನೆ. ಯಾರೋ ಗಿರಾಕಿ ಮೆಸೇಜ್ ಹಾಕಿದ್ದಾನಂತೆ, ಸಂಚಕಾರ ಕಳಿಸಲೇ ಎಂದು ಕೇಳುತ್ತಿದ್ದಾನಂತೆ. ಇದೊಂದು ಮುಗಿಯಲಿ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬೆಂಗೇರಿಗೆ, ಖಂಡಿತ, ಗಿರಿಯಪ್ಪನ ಎದುರು ನಿಂತು… ಹನಮೇಶ ಮತ್ತೆ ಕರೆದ, ಏಳುತ್ತೇನೆ.